ಬೆಳ್ಳಗಿನ ಫಿಲ್ಟರ್ ಪೇಪರ್

ಅಪ್ಪ,

ವಾಟರ್ ವರ್ಕ್ಸ್‌ನಲ್ಲಿ ನೀವು ನನ್ನ ಮೇಲಧಿಕಾರಿ, ಎದುರಾಡುವಂತಿಲ್ಲ. ಮನೆಯಲ್ಲಿ ಕೆರೆಯ ಸುದ್ದಿ ಎತ್ತುವಂತಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಚರಂಡಿ ನೀರುಂಡು ಕೊಬ್ಬಿದ್ದ ಪಾಚಿ ನೀವು ಔಷಧಿ ಹೊಡೆಸಿದ ಮೇಲೆ ಸತ್ತಿತು, ನಿಜ. ಲ್ಯಾಬಿನಲ್ಲಿ ಎಲ್ಲರೆದುರು ಕೆರೆಯ ನೀರು ಸೋಸಿದ ಫಿಲ್ಟರ್ ಪೇಪರ್ ಎತ್ತಿ ಹಿಡಿದು, "ನೋಡಮ್ಮ, ಹಾಲಿನ ಹಾಗೆ ಬೆಳ್ಳಗಿದೆ. ಇನ್ನೇನು ನಿನ್ನ ತಕರಾರು?" ಅಂದಿರಿ. ನನ್ನ ತಕರಾರು ಪೇಪರಿನ ಮೇಲಿಲ್ಲ ಅಪ್ಪ, ಅದರಿಂದ ಸೋಸಿ ಕೆಳಗಿಳಿದ ನೀರಿನಲ್ಲಿದೆ. ಸತ್ತ ಪಾಚಿ ಒಡೆದು, ಅದರೊಳಗಿನ ಇಂಗಾಲವೆಲ್ಲ ನೀರಿನಲ್ಲಿ ಕರಗಿದೆ. ಕೆರೆ ಹಸಿರಾಗಿದ್ದಾಗ ಇದ್ದದ್ದಕ್ಕಿಂತ ಈಗ ಹೆಚ್ಚಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ನೀವು ಹೇಳಿದಷ್ಟು ಕ್ಲೋರಿನ್ ಅದಕ್ಕೆ ಬೆರೆತರೆ ಊರಿನ ನಲ್ಲಿಗಳಲ್ಲಿ ಬರುವುದು ವಿಷವೇ.

ನಾಳೆ ಕೆರೆಯ ಪಂಪು ಹಾಕಿಸಬೇಡಿ. ಕರಗಿದ್ದನ್ನು ಹೀರಿಕೊಳ್ಳುವ ಇದ್ದಿಲಿನ ಫಿಲ್ಟರ್ ಬದಲಾಯಿಸುವವರೆಗೆ ಬೋರ್‌ವೆಲ್ ನೀರನ್ನೇ ಬಿಡಿಸಿ. ಕೆರೆ ನೀರು ಕುಡಿಯಲು ಯೋಗ್ಯ ಎನ್ನುವ ವರದಿಗೆ ನಾನಂತೂ ಸಹಿ ಹಾಕುವುದಿಲ್ಲ, ಮಗಳು ಅಂತ ಒತ್ತಾಯಿಸಬೇಡಿ.

ನನ್ನ ಮಾತು ನಿಮಗೆ ಅರ್ಥವಾಗಿಲ್ಲ ಎಂದೇ ನಿನ್ನೆಯವರೆಗೆ ಅಂದುಕೊಂಡಿದ್ದೆ. ಇವತ್ತು ಅಡುಗೆಮನೆಯಲ್ಲಿ ಕ್ಯಾನ್ ನೀರು ಕಂಡು, ಯಾರು ತರಿಸಿದ್ದೆಂದು ಅಮ್ಮನನ್ನು ಕೇಳಿದೆ.

"ನಿಮ್ಮಪ್ಪನೇ ಕಣೇ. ನಾಳೆಯಿಂದ ಮನೇಲಿ ಯಾರೂ ನಲ್ಲಿ ನೀರು ಕುಡೀಬೇಡಿ ಅಂದ್ರು."

ನಾಳೆ ಪಂಪ್‌ಹೌಸಿನ ಬಾಗಿಲಲ್ಲಿ ಕಾದಿರುತ್ತೇನೆ.

ನಿಮ್ಮ ಕಿರಿಮಗಳು