ಆ ಸಂಜೆ ಅರ್ನೆಲ್ ಮನೆಯಲ್ಲಿದ್ದ

ಇಲೊಯಿಲೊ
೯ ಮಾರ್ಚ್ ೨೦೫೧

ಪ್ರೀತಿಯ ಕ್ಲಾರಿಟಾ ಅಕ್ಕನಿಗೆ,

ನೀನೂ ಮಕ್ಕಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡ್ಕೋಬೇಡ. ಫೋನು ಮಾಡೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಅಳು ಬಂದು ಹೇಳಬೇಕಾದದ್ದು ಉಳಿದೇಹೋಗುತ್ತದೆ.

ಅರ್ನೆಲ್ ಇನ್ನೂ ಜೈಲಿನಲ್ಲೇ ಇದ್ದಾನೆ. ಮೀನು ಬಂದರಿನ ಗೋದಾಮಿಗೆ ಬೆಂಕಿ ಇಟ್ಟವನು ಇವನೇ ಅನ್ನುತ್ತಾರೆ. ಒಳಗಿದ್ದ ಕಾವಲುಗಾರ ಸತ್ತುಹೋದ. ಹಿಂದಿನ ದಿನ ಮಾಲೀಕನ ಜೊತೆ ನನ್ನ ಮಗ ಜಗಳವಾಡಿದ್ದು ನಿಜ. ಆದರೆ ಬೆಂಕಿ ಬಿದ್ದ ಸಂಜೆ ಅವನು ನನ್ನೆದುರು ಕೂತು ಅನ್ನ, ಒಣಮೀನು ತಿನ್ನುತ್ತಿದ್ದ. ಕೋರ್ಟಿನಲ್ಲಿ ಅದನ್ನೇ ಹೇಳಿದೆ. ತಾಯಿಯ ಬಾಯಿಮಾತು ಸಾಲದು, ನೆನಪು ತೋರಿಸಿ ಅಂದರು.

ನಮ್ಮ ವಕೀಲ ಸುಮಗೈಸಾಯ್‌ಗೆ ಖುಷಿಯೋ ಖುಷಿ. "ಇನ್ನೇನು ಬೇಕಮ್ಮ? ತಲೆಗೊಂದು ಟೋಪಿ ಇಡ್ತಾರೆ. ನೀವು ಆ ಸಂಜೆ ನೆನೆಸ್ಕೊಂಡ್ರೆ ಸಾಕು, ಸಿನಿಮಾ ಥರ ಪರದೆ ಮೇಲೆ ಬರುತ್ತೆ."

ಹಾಗೇ ಬಂತು ಅಕ್ಕ. ನನ್ನ ಅಡುಗೆಮನೆ, ಮಸಿ ಹಿಡಿದ ಗೋಡೆ, ಬೆಕ್ಕು ಕೂಡ. ಅರ್ನೆಲ್ ಒಂದು ತುತ್ತು ಬಾಯಿಗಿಟ್ಟು, "ಏನಮ್ಮಾ, ಸಮುದ್ರಾನೇ ಬೇಯಿಸಿದ್ಯಾ, ಇಷ್ಟೊಂದು ಉಪ್ಪು?" ಅಂದ. ಕೋರ್ಟಿನಲ್ಲಿ ಯಾರೋ ನಕ್ಕರು. ನಾನೂ ನಕ್ಕೆ. ಗೆದ್ದೆವು ಅಂದುಕೊಂಡೆ.

ಸರ್ಕಾರಿ ವಕೀಲರು ಚಿತ್ರ ನಿಲ್ಲಿಸಿದರು. "ಅಮ್ಮಾ, ಮಗ ಹಾಕಿರೋ ಈ ನೀಲಿ ಅಂಗಿ ಎಲ್ಲಿ ತಗೊಂಡ್ರಿ?"

"ಮಾರ್ಕೆಟ್ಟಲ್ಲಿ."

"ಯಾವಾಗ?"

ಇದ್ದದ್ದನ್ನು ಹೇಳಲೇಬೇಕಾಯಿತು. ಅವನನ್ನು ಹಿಡಿದುಕೊಂಡು ಹೋದ ಮೇಲೆ, ಜೈಲಿಗೆ ಕೊಟ್ಟು ಬರೋಣವೆಂದು ನಾನೇ ಕೊಂಡ ಅಂಗಿ ಅದು.

"ಇದು ಆ ಸಂಜೆಯ ನೆನಪಲ್ಲ ಸ್ವಾಮಿ, ತಾಯಿಯ ಆಸೆ," ಎಂದು ಜಡ್ಜಿಗೆ ಹೇಳಿ ಅವರು ಕೂತುಬಿಟ್ಟರು. ಸುಮಗೈಸಾಯ್ ಫೈಲು ಮುಚ್ಚಿಬಿಟ್ಟ. ಕಟಕಟೆಯಿಂದ ಅರ್ನೆಲ್ ಕೂಗಿದ, "ಬಿಡಮ್ಮ, ಅಳಬೇಡ. ಬೆಳಿಗ್ಗೆ ಏನಾದ್ರೂ ತಿಂದ್ಯಾ?"

ಅಕ್ಕ, ಈಗ ನೀನೊಬ್ಬಳೇ ನನಗೆ ದಿಕ್ಕು. ಆ ಸಂಜೆ ನೀನು ದಾವಾವೊದಿಂದ ಫೋನು ಮಾಡಿದ್ದೆ, ನಿನ್ನ ಮೊಮ್ಮಗಳಿಗೆ ಹೆಸರಿಡುವ ವಿಷಯ ಮಾತಾಡಿದೆವು. ಹಿಂದಿನಿಂದ ಅವನು "ದೊಡ್ಡಮ್ಮಂಗೆ ನಂದೊಂದು ಮುತ್ತು ಕೊಡು" ಅಂತ ಕೂಗಿದ್ದನಲ್ಲ? ಕೂಗಿದ್ದ ಅಲ್ವಾ? ಬಂದು ಆ ಟೋಪಿ ಹಾಕಿಕೋ. ಈಸ್ಟರ್ ಮುಗಿದ ಕೂಡಲೇ ಕೊನೆಯ ವಿಚಾರಣೆ. ನಿನ್ನ ಮಂಡಿನೋವು ಗೊತ್ತಿದ್ದೂ ಕಾಲು ಹಿಡಿದು ಕೇಳುತ್ತಿದ್ದೇನೆ.

ಬಾಲಯೇಸು ನಿನ್ನ ಮನೆಯವರನ್ನೆಲ್ಲ ತಣ್ಣಗಿಡಲಿ. ಪುಟ್ಟ ಮಗುವಿನ ಹಣೆಗೆ ನನ್ನ ಹೆಸರಲ್ಲಿ ಶಿಲುಬೆ ಗುರುತು ಹಾಕು.

ನಿನ್ನ ತಂಗಿ,
ಫೆಲಿಸಾ

ತಾ.ಕ.: ಆ ನೆನಪಿನ ಒಂದು ಪ್ರತಿ ನನಗೂ ಕೊಟ್ಟಿದ್ದಾರೆ. ಅಂಗಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ನಿಜವೇ ಎಂದು ದಿನವೂ ಪರದೆಯ ಮೇಲೆ ಹಾಕಿ ನೋಡುತ್ತೇನೆ. ಯಾರಿಗೂ ಹೇಳಿಲ್ಲ ಅಕ್ಕ. ಅದನ್ನು ನಿಲ್ಲಿಸಿ, ಕಣ್ಣು ಮುಚ್ಚಿ ನಾನಾಗಿ ನೆನೆಸಿಕೊಂಡರೆ, ಒಮ್ಮೊಮ್ಮೆ ಅವನು ಅಲ್ಲಿರುವುದಿಲ್ಲ. ಅನ್ನ ಮುಚ್ಚಿಟ್ಟು ನಾನೊಬ್ಬಳೇ ಬಾಗಿಲು ನೋಡುತ್ತಿರುತ್ತೇನೆ. ಅವನ ದನಿ ನಿನಗೆ ಕೇಳಿಸಿದ್ದರೆ ಓಡಿ ಬಾ. ಕೇಳಿಸಿರದಿದ್ದರೆ ಮಾತ್ರ ಅದನ್ನು ನನಗೆ ಬರೆಯಬೇಡ. ಹಡಗಿನಲ್ಲಿ ಜಾಗ ಸಿಗಲಿಲ್ಲ ಅಂತ ಬರಿ.