ಅಂಗಳದಲ್ಲಿ ನಿಂತ ನಿನ್ನ ಗಾಡಿ

ನಡೀನ್,

ನಿನ್ನ ವಿಳಾಸ ನನ್ನಲ್ಲಿಲ್ಲ. ಇದ್ದರೂ ಇದನ್ನು ಅಂಚೆಗೆ ಹಾಕುತ್ತಿರಲಿಲ್ಲ. ಆದರೆ ಬೆಳಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಜಗಳವಾಡಿ ಬಿಟ್ಟುಹೋದ, ಒಳಗೇ ಹಾಸಿಗೆಯಿರುವ ಕ್ಯಾಂಪರ್ ಗಾಡಿಯನ್ನು ನೋಡಲು ನಗರಸಭೆಯ ವೆಂಡೆಲ್ ಬಂದಿದ್ದ. ಅಂಗಳದಲ್ಲಿ ನಿಲ್ಲಿಸಿದ ಗಾಡಿ ಆ ಮನೆಯಲ್ಲೇ ವಾಸವಿರುವವರದಾಗಿರಬೇಕಂತೆ, ಅದರೊಳಗೆ ಯಾರೂ ಮಲಗುವಂತಿಲ್ಲವಂತೆ. ಇಲ್ಲವಾದರೆ ಎಳೆದುಕೊಂಡು ಹೋಗುತ್ತಾರೆ.

"ನಿಮ್ಮ ತಂಗಿ ಇಲ್ಲೇ ಇದಾರಾ, ಮಿಸೆಸ್ ಸ್ಟಕಿ?"

"ಇಲ್ದೆ ಎಲ್ಲಿಗೆ ಹೋಗ್ತಾಳೆ?"

"ಗಾಡೀಲೇ ಮಲಗ್ತಾರೆ ಅಂತ ಪಕ್ಕದ ಮನೆಯವರು ಹೇಳಿದ್ರು."

"ಅವರ ಮೂಗು ಅವರ ಬೇಲಿ ಒಳಗೇ ಇರ್ಲಿ. ಸ್ವಂತ ತಂಗೀನ ಹೊರಗೆ ಮಲಗಿಸ್ತೀನೇನಯ್ಯಾ ನಾನು?"

ನಮ್ಮ ಒಹಾಯೋದ ಎರಡು ಚಳಿಗಾಲ ನೀನು ಅದರಲ್ಲೇ ಮಲಗಿದ್ದೆ. ಮಹಡಿಯ ಕೋಣೆ ಖಾಲಿಯಿತ್ತು, ನಿಜ. ನೀನು ಕೇಳಲಿಲ್ಲ.

"ಹಂಗಾದ್ರೆ ಕರೀರಿ, ಒಂದು ಮಾತು ಕೇಳ್ಕೊಂಡು ಹೋಗ್ತೀನಿ," ಎಂದ ವೆಂಡೆಲ್.

"ರಾತ್ರಿ ಪಾಳಿ ಮುಗಿಸಿ ಬಂದು ಮೇಲಿನ ಕೋಣೇಲಿ ಮಲಗಿದಾಳೆ. ಎಬ್ಬಿಸಿ ನೋಡು, ಟೋಪಿ ಸಮೇತ ಮೆಟ್ಟಿಲಿಂದ ಉರುಳಿಸ್ತಾಳೆ."

ಅವನು ನಕ್ಕ. ಮಹಡಿಯ ಕಿಟಕಿಯತ್ತ ನೋಡಿ ದನಿ ತಗ್ಗಿಸಿದ. "ಮಲಗ್ಲಿ ಬಿಡಿ" ಎಂದು ಪಿಸುಗುಟ್ಟಿ, ಜಲ್ಲಿಯ ಮೇಲೆ ಸದ್ದಾಗದಂತೆ ಹೆಜ್ಜೆಯಿಟ್ಟು ಹೋದ.

ಗಾಡಿ ಉಳಿಯಿತು. ನನಗೆ ಮಾತ್ರ ಯಾವ ಕೆಲಸವೂ ಸಾಗುತ್ತಿಲ್ಲ. ಮಧ್ಯಾಹ್ನ ರೇಡಿಯೋ ಹಾಕಲು ಹೋದವಳು ಮಹಡಿಯತ್ತ ನೋಡಿ ಹಾಕದೆ ಬಂದೆ. ತೊಳೆದ ತಟ್ಟೆಗಳನ್ನು ಒಂದಕ್ಕೊಂದು ತಾಗಿ ಸದ್ದಾಗದ ಹಾಗೆ ಜೋಡಿಸಿಟ್ಟೆ.