ಬಾಗಿಲು ಹಾಕಿಕೊಂಡ ಬಸವನಹುಳು

ಮಾರ್ಚ್ ೧೪, ಮಂಗಳವಾರ

ಬಸವನಹುಳು ಇವತ್ತೂ ಸಂಜೆಯವರೆಗೆ ಹೊರಗೆ ಬರಲಿಲ್ಲ. ಚಿಪ್ಪಿನ ಬಾಯಿಗೆ ಕಾಗದದಂಥ ಬಿಳಿ ಪೊರೆ ಕಟ್ಟಿಕೊಂಡು ಡಬ್ಬಿಯ ಮೂಲೆಯಲ್ಲಿ ಕೂತಿತ್ತು. ಅತ್ತೆ ಇಣುಕಿ ನೋಡಿ, "ಸತ್ತೇ ಹೋಗಿದೆ ಕಣೇ. ಎಲ್ಲರೂ ನಾಯಿನೋ ಬೆಕ್ಕೋ ಸಾಕಿದ್ರೆ ನೀನೊಬ್ಬಳು ಇದನ್ನ ತಂದೆ," ಅಂದರು.

ನಾಯಿಯಾದರೆ ಸಂಜೆ ತಿರುಗಾಡಿಸಬೇಕು. ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡಿ ಬಂದ ಈ ಕಾಲಿಗೆ ಅದೊಂದು ಬಾಕಿ ಇತ್ತು! ಬೆಕ್ಕಿಗೆ ನೂರೆಂಟು ಮುನಿಸು. ಇದಕ್ಕಾದರೆ ಒಂದು ಚೂರು ಸೌತೆಕಾಯಿ ಸಾಕು, ನನ್ನಿಂದ ಬೇರೇನೂ ಕೇಳುವುದಿಲ್ಲ ಅಂತಲೇ ತಂದದ್ದು.

ಮಗಳು ಟೀಚರನ್ನು ಕೇಳಿಕೊಂಡು ಬಂದಳು. "ಅಮ್ಮ, ಅದು ಸತ್ತಿಲ್ಲ. ತೇವ ಇಲ್ಲದಿದ್ರೆ ಹಾಗೆ ಬಾಗಿಲು ಹಾಕ್ಕೊಂಡು ಮಲಗುತ್ತಂತೆ. ಡಬ್ಬಿ ಒರೆಸ್ತಿದ್ದೋರು ಯಾರು?"

ಇನ್ಯಾರು, ನಾನೇ. ಕೆಲಸದಿಂದ ಬಂದ ಕೂಡಲೇ ಡಬ್ಬಿಯನ್ನು ಒಣಬಟ್ಟೆಯಿಂದ ಒರೆಸಿ ಇಡುತ್ತಿದ್ದೆ. ಎಲ್ಲೇ ತೇವ ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ಪಾಪ, ಅದಕ್ಕೆ ಬೇಕಿದ್ದದ್ದು ಅದೊಂದೇ.

ಮಗಳು ನೀರು ಚಿಮುಕಿಸಿದಳು. ನಮ್ಮ ಊಟ ಮುಗಿಯುವಷ್ಟರಲ್ಲಿ ಪೊರೆ ಒಡೆದು ಕೊಂಬುಗಳು ಒಂದೊಂದಾಗಿ ಹೊರಬಂದವು. ಅತ್ತೆ ಕೂಡ ತಟ್ಟೆ ಬಿಟ್ಟು ಎದ್ದು ಬಂದು ನೋಡಿದರು. ನಾನು ನೋಡಿದ ಹಾಗೆ ಮಾಡಿ, ದಿನದಂತೆ ಕೋಣೆಗೆ ಬಂದು ಚಿಲಕ ಹಾಕಿಕೊಂಡೆ.

ಈಗ ಬಾಗಿಲಾಚೆ ಮಗಳು ಪಿಸುಗುಡುತ್ತಿದ್ದಾಳೆ. "ಅಜ್ಜಿ, ಅಮ್ಮಂಗೂ ಒಂದು ಲೋಟ ನೀರು ಕೊಟ್ಟು ನೋಡೋಣ್ವಾ?"

ಇರು ಮಗಳೇ, ಏಳ್ತೀನಿ. ಈ ಕಾಲೊಂದು ಮಾತು ಕೇಳಿದರೆ ಸಾಕು.